ಮದ್ದು ಬಳಿದ ಟ್ಯೂಬಿಗೆ ಬಂದ ಮೊದಲ ಆರ್ಡರು

ಇಂಥದ್ದೆಲ್ಲ ನನಗೇ ಯಾಕೆ ಗಂಟುಬೀಳುತ್ತೋ ಆ ದೇವರಿಗೇ ಗೊತ್ತು. ತೊಂಬತ್ತರ ದಶಕದ ಕೊನೇಲಿ ಸೇಲಂನಲ್ಲಿ ಮೆಡಿಕಲ್ ರೆಪ್ ಆಗಿದ್ದೆ. ಕಂಪನಿ ನನ್ನ ತಲೆಗೆ ಕಟ್ಟಿದ್ದು ಮೂತ್ರದ ಟ್ಯೂಬು. ಅದರ ಮೈಮೇಲೆ ತೆಳ್ಳಗೆ ಒಂದು ಲೇಪ. ಲೇಪದೊಳಗಿನ ಮದ್ದು ಸ್ವಲ್ಪ ಸ್ವಲ್ಪವೇ ಹೊರಗೆ ಬಂದು ಕೀವಾಗದ ಹಾಗೆ ಕಾಯುತ್ತೆ. "ದೀಪಾವಳಿಯೊಳಗೆ ಒಂದಾದ್ರೂ ಆರ್ಡರ್ ತಾ, ಇಲ್ಲಾಂದ್ರೆ ಬ್ಯಾಗು ವಾಪಸ್ ಕೊಟ್ಟು ಮನೆಗೆ ಹೋಗು" ಅಂದಿದ್ದರು ಮ್ಯಾನೇಜರು.

ಸೋಪು

ಕಾರಿಮಂಗಲದ ಒಂದು ನರ್ಸಿಂಗ್ ಹೋಮಿಗೆ ಸ್ಯಾಂಪಲ್ ಕೊಟ್ಟಿದ್ದೆ. ಮುಂದಿನ ವಾರ ಹೋದರೆ ಟ್ಯೂಬುಗಳು ಬಟ್ಟೆ ಹಗ್ಗದ ಮೇಲೆ ಒಣಗ್ತಿವೆ!

"ಏನ್ ಸಾರ್, ನಿಮ್ಮ ಮಾಲು ಮುಟ್ಟಿದ್ರೆ ಅಂಟಂಟು. ಬಿಸಿನೀರಲ್ಲಿ ಸೋಪು ಹಾಕಿ ಉಜ್ಜಿಸಿದೀನಿ" ಅಂದರು ಹೆಡ್ ನರ್ಸಮ್ಮ.

"ಅಯ್ಯೋ ಅಮ್ಮಾ, ನೀವು ಉಜ್ಜಿ ತೆಗೆದದ್ದೇ ಮದ್ದು!"

"ಹಂಗಾದ್ರೆ ನೀವೇ ತೊಳ್ಕೊಂಡು ತರಬಾರದಾ?"

ಪಥ್ಯ

ಓಮಲೂರಿನ ಡಾಕ್ಟರೊಬ್ಬರು ಒಬ್ಬ ಪೇಷೆಂಟಿಗೆ ಹಾಕಿಯೂ ಹಾಕಿದರು. ಅವನ ಹೆಂಡತಿ ನನ್ನನ್ನೇ ಕೇಳಿದಳು, "ಇದ್ರಾಗೆ ಮದ್ದೈತಂತಲ್ಲ, ಪಥ್ಯ ಏನು?"

"ಪಥ್ಯ ಏನೂ ಇಲ್ಲಮ್ಮ" ಅಂತ ಜಂಬದಿಂದ ಹೇಳಿದೆ.

"ಪಥ್ಯ ಇಲ್ದಿದ್ರೆ ಅದೂ ಒಂದು ಮದ್ದಾ?" ಅಂತ ಗಲಾಟೆ ಮಾಡಿ ತೆಗೆಸೇಬಿಟ್ಟಳು. ಡಾಕ್ಟರು ನನ್ನ ಮೇಲೇ ಹಾರಿಬಿದ್ದರು: "ಕರುವಾಡು, ಒಣಮೀನು ತಿನ್ನಬಾರದು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಯ್ಯಾ?"

ಅಪ್ಪ

ಅಷ್ಟರಲ್ಲಿ ಮೆಟ್ಟೂರು ಕಡೆ ಹಳ್ಳಿಯಲ್ಲಿದ್ದ ನಮ್ಮಪ್ಪನಿಗೇ ಮೂತ್ರ ಕಟ್ಟಿತು. ಸೇಲಂಗೆ ಕರೆತಂದು ನಮ್ಮ ಟ್ಯೂಬನ್ನೇ ಹಾಕಿಸಿದೆ. ತೆಗೆಯುವ ದಿನ ಅಪ್ಪ ಪಂಚೆ ಬಿಗಿಯಾಗಿ ಹಿಡಕೊಂಡು ಕೂತ.

"ಲೇ, ಮದ್ದು ಸೊಲ್ಪ ಸೊಲ್ಪ ಬತ್ತದೆ ಅಂತ ನೀನೇ ಏಳ್ದಲ್ಲ? ಇನ್ನೂ ಒಳಗೈತೆ. ಪೂರಾ ಬಂದು ಮುಗೀಲಿ."

"ಅಪ್ಪಾ, ಡಾಕ್ಟರು ಕಾಯ್ತಾವ್ರೆ!"

"ಕಾಯ್ಲಿ ಬುಡು."

ತೆಗೆದ ಟ್ಯೂಬನ್ನು ತನ್ನ ಕೈಗೇ ಕೊಡಬೇಕು ಅಂತ ಮಾತು ತಗೊಂಡ ಮೇಲೇ ಒಪ್ಪಿದ್ದು.

ದೀಪಾವಳಿ ಹಿಂದಿನ ದಿನ ಬರಿಗೈಲಿ ಊರಿಗೆ ಹೋದೆ. ಕೆಲಸ ಹೋಯ್ತು ಅಂತಲೇ ಲೆಕ್ಕ. ನೋಡಿದರೆ ಕೊಟ್ಟಿಗೆಯಲ್ಲಿ ಎತ್ತಿನ ಹೆಗಲ ಹುಣ್ಣಿನ ಮೇಲೆ ಅದೇ ಟ್ಯೂಬು! ಬಟ್ಟೆ ಸುತ್ತಿ ಕಟ್ಟಿದ್ದಾನೆ.

"ಥೂ, ಏನಪ್ಪಾ ಇದು!"

"ಏನ್ಲಾ ಥೂ? ಉಣ್ಣು ಎಂಗೆ ಒಣಗೈತೆ ನೋಡು."

ನೊಗಕ್ಕೆ ಹೂಡದೆ ಬಿಟ್ಟಿದ್ದಕ್ಕೆ ಮಾಯ್ದಿರಬೇಕು ಅಂದರೆ ಯಾರು ಕೇಳ್ತಾರೆ? ಜಗಲಿ ತುಂಬ ಊರವರು ಕೂತಿದ್ದರು. "ಇವ್ರ ಎತ್ತುಗಳಿಗೂ ಬೇಕಂತೆ, ತರಿಸ್ಕೊಡು" ಅಂದ ಅಪ್ಪ.

ಮಾನ ಹೋದರೂ ಕೆಲಸ ಉಳೀಲಿ ಅಂತ ಎಸ್‌ಟಿಡಿ ಬೂತಿಗೆ ಓಡಿದೆ. "ಸಾರ್, ಆರ್ಡರ್ ಸಿಕ್ತು."

"ಭೇಷ್! ದೊಡ್ಡ ಆಸ್ಪತ್ರೆನಾ? ಬೆಡ್ ಎಷ್ಟಿವೆ?"

"ಬೆಡ್ ಇಲ್ಲ ಸಾರ್," ಅಂದೆ, "ಹುಲ್ಲು ಹಾಸಿದ್ದಾರೆ."