ಅಂಬರೀಷನ ಖಾಲಿ ಜಾಗ

ಗಾದಿ ಅಂಗಡಿಯ ಜಾಹೀರಾತಿನಲ್ಲಿ ಅಂಗಡಿ ಮಾಲೀಕನ ಫೋಟೋ ಇಲ್ಲದಿದ್ದದ್ದೇ ಆ ದಿನದ ಅವಾಂತರಕ್ಕೆಲ್ಲ ಮೂಲ.

ಜಾಹೀರಾತು ಬರೆದವನು ಬಸವಕಲ್ಯಾಣದ ಅಂಬರೀಷ. ಯಾವ ಕಂಪನಿಯ ನೌಕರನೂ ಅಲ್ಲ. ಕರೆದವರಿಗೆ ಜಾಹೀರಾತಿನ ಮಾತು ಬರೆದುಕೊಡುವುದು ಅವನ ಕಸುಬು. ತನ್ನನ್ನು ಅವನು ಫ್ರೀಲಾನ್ಸ್ ಕಾಪಿರೈಟರ್ ಎಂದು ಪರಿಚಯಿಸಿಕೊಳ್ಳುತ್ತಿದ್ದ. ಓಣಿಯವರು ಅದರಲ್ಲಿ ಮೊದಲ ತುಂಡನ್ನಷ್ಟೇ ಕಿವಿಗೆ ಹಾಕಿಕೊಂಡು, ಮದುವೆ ಕಾರ್ಡಿನಿಂದ ಹಿಡಿದು ‘ಇಲ್ಲಿ ಕಸ ಹಾಕಬಾರದು’ ಎಂಬ ಗೋಡೆಬರಹದವರೆಗೆ ಎಲ್ಲವನ್ನೂ ಪುಕ್ಕಟೆಯಾಗಿ ಬರೆಸಿಕೊಂಡು ಒಂದು ಕಪ್ ಚಹಾ ಕುಡಿಸಿ ಕಳಿಸುತ್ತಿದ್ದರು. ಅವನ ತಾಯಿ ಸತ್ಯಮ್ಮನಿಗೆ ಮಗ ಮಾಡುವುದೇನೆಂದು ನೆಂಟರಿಗೆ ವಿವರಿಸುವುದೇ ದೊಡ್ಡ ಕಷ್ಟ. “ಕಂಪ್ಯೂಟರ್ ಮುಂದ ಕುಂತು ವಿಚಾರ ಮಾಡ್ತಾನ್ರಿ,” ಎನ್ನುತ್ತಿದ್ದಳು. “ವಿಚಾರ ಮುಗದ ಮ್ಯಾಲ ಏನ್ ಮಾಡ್ತಾನ?” ಎಂದು ಅವರು ಕೇಳಿದರೆ ಮಾತು ಬದಲಿಸುತ್ತಿದ್ದಳು.

ಆ ದಿನ ಮುಂಜಾನೆ ಹುಮನಾಬಾದಿಗೆ ಹೊರಟು ನಿಂತ ಮಗನನ್ನು ಅವಳು ಬಾಗಿಲಲ್ಲೇ ತಡೆದಳು.

“ನಿಮ್ಮ ಮಾರುತಿ ಮಾಮಾ ಸಿಮೆಂಟ್ ಅಂಗಡ್ಯಾಗ ಕುಂಡ್ರು ಬಾ ಅಂತ ಕರದು ಕರದು ಬ್ಯಾಸತ್ತಾನ. ಇವತ್ತು ಒಂದು ಫೈಸಲಾ ಆಗೇಬಿಡ್ಲಿ. ನೀ ಬರದದ್ದು ಓದಿ ಒಬ್ಬೇ ಒಬ್ಬ ಮನಷ್ಯಾ ಆ ಗಾದಿ ಅಂಗಡಿಗಿ ಬಂದಾ ಅಂದ್ರ ನಾ ಜನ್ಮದಾಗ ಸಿಮೆಂಟಿನ ಮಾತ ಎತ್ತಂಗಿಲ್ಲ. ಯಾರೂ ಬರಲಿಲ್ಲಂದ್ರ ನಾಳಿಂದ ಮಾಮಾನ ಅಂಗಡಿ.”

“ಒಬ್ಬ ಯಾಕವ್ವ? ಅಂಗಡಿ ಮುಂದ ನಿಂದ್ರಾಕ ಜಾಗಾ ಇರಂಗಿಲ್ಲ, ನೋಡ್ತಾ ಇರು.”

“ಬಂದವರ ಕೈಯಾಗ ಫೋನ್ ಕೊಟ್ಟು ನನಗ ಮಾತಾಡಸು. ನಿನ್ನ ಮಾತು ನಾ ನಂಬಂಗಿಲ್ಲ. ನೀ ಜಾಹೀರಾತಿನಾಂವ.”

ಅಂಬರೀಷ ನಗುತ್ತಲೇ ಬಸ್ಸು ಹತ್ತಿದ. ಅವನಿಗೆ ಧೈರ್ಯವಿತ್ತು. ಹುಮನಾಬಾದಿನ ಗುರುನಾಥ ಹೆದ್ದಾರಿಯ ಬದಿಗೆ ಅಂದು ಸಂಜೆ ಹೊಸದಾಗಿ ತೆರೆಯಲಿದ್ದ ಗಾದಿ ಅಂಗಡಿಗೆ ಅವನು ಬರೆದಿದ್ದ ಜಾಹೀರಾತು ಸಾಮಾನ್ಯದ್ದಲ್ಲ. ಮನೆಯಷ್ಟು ದೊಡ್ಡ ಫ್ಲೆಕ್ಸು, ತೊಳೆದ ಚಾದರದಂತೆ ಬೆಳ್ಳಗೆ. ನಟ್ಟನಡುವೆ ಒಂದೇ ಸಾಲು: ‘ಇವತ್ತು ಜಲ್ದಿ ಮಲಗ್ರಿ.’ ಕೆಳಗೆ ಮೂಲೆಯಲ್ಲಿ ಅಂಗಡಿಯ ಹೆಸರು. ಅಷ್ಟೇ. ಪುಣೆಯಿಂದ ಹೈದರಾಬಾದಿಗೆ ಹೋಗುವ ಲಾರಿಯವನು ಆ ಬೋರ್ಡು ನೋಡಿದರೆ ಅಲ್ಲಿಯೇ ಆಕಳಿಸಿ ಗಾಡಿ ಪಕ್ಕಕ್ಕೆ ಹಾಕಬೇಕು ಎಂಬುದು ಅಂಬರೀಷನ ಲೆಕ್ಕ. ಈ ಒಂದು ಸಾಲಿಗಾಗಿ ಅವನು ನಿದ್ದೆಗೆಟ್ಟಿದ್ದ.

ಗುರುನಾಥ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಅದನ್ನು ಹಿಗ್ಗಿಸಿ ನೋಡಿದ, ಕುಗ್ಗಿಸಿ ನೋಡಿದ, ಮೊಬೈಲನ್ನೇ ಅಡ್ಡ ಹಿಡಿದು ನೋಡಿದ.

“ಉಳಿದದ್ದು ಇನ್ನೂ ಡೌನ್‌ಲೋಡ್ ಆಗಬೇಕೇನು?”

“ಪೂರಾ ಆಗ್ಯಾದ್ರಿ. ಇಷ್ಟೇ.”

“ನನ್ನ ಫೋಟೋ?”

“ಫೋಟೋ ಬ್ಯಾಡ್ರಿ. ಖಾಲಿ ಜಾಗಾ ಇದ್ರೇನೆ ಕಣ್ಣು ಅಲ್ಲಿ ನಿಂದರತದ.”

ಗುರುನಾಥ ಪಕ್ಕದಲ್ಲಿ ಕುಳಿತಿದ್ದ ಫ್ಲೆಕ್ಸ್ ಮುದ್ರಕ ಮೊಹಿನುದ್ದೀನನ ಕಡೆ ತಿರುಗಿದ. “ಸಾಬ್, ಖಾಲಿ ಜಾಗಾಕ್ಕ ರೊಕ್ಕಾ ಬಿಡ್ತೀರೇನು?”

“ಹ್ಯಾಂಗ ಬಿಡಾಕ ಆಗ್ತದ್ರಿ ಸೇಠ್? ಚದರ ಫೂಟಿನ ಲೆಕ್ಕ. ಅದರ ಮ್ಯಾಗ ನೀವು ಶಾಯಿ ಹಾಕಸ್ರಿ, ಬಿಡ್ರಿ, ಫೂಟ್ ಅಂದ್ರ ಫೂಟೇ.”

“ಕೇಳಿದ್ಯಾ?” ಎಂದು ಗುರುನಾಥ ಅಂಬರೀಷನನ್ನು ದಿಟ್ಟಿಸಿದ. “ರೊಕ್ಕಾ ಕೊಟ್ಟು ಪ್ಲಾಟ್ ತಗೊಂಡು ಯಾರರೆ ಬಯಲು ಬಿಡ್ತಾರೇನು? ಮನಿ ಕಟ್ಟತಾರ.”

ಹೀಗೆ ಅಂಬರೀಷನ ಬಯಲಿನಲ್ಲಿ ಮೊದಲ ಮನೆ ಎದ್ದಿತು. ಎಡಗಡೆ ಕೈ ಮುಗಿದ ಗುರುನಾಥ, ಕುತ್ತಿಗೆಗೆ ಜರತಾರಿ ಶಾಲು.

ಅಷ್ಟರಲ್ಲಿ ಗುರುನಾಥನ ತಾಯಿ ರುಕ್ಮಿಣಿಬಾಯಿ ಒಳಗಿನಿಂದ ಬಂದರು. ಮಗನಿಂದ ಆ ಒಂದು ಸಾಲನ್ನು ಓದಿಸಿಕೊಂಡು ಎದೆ ಮುಟ್ಟಿಕೊಂಡರು.

“ಅಯ್ಯ ಶಿವನೇ! ಅಂಗಡಿ ತೆಗಿಯೋ ದಿನಾ ಮಲಗ್ರಿ ಅಂತ ಬರೀತಾರೇನು? ಹುಟ್ಟಿದ ಕೂಸಿಗಿ ಹಂಗ ಅಂತೀರೇನು? ಏಳ್ರಿ ಅಂತ ಬರೀರಿ.”

“ಬಾಯಾರ, ಇದು ಗಾದಿ ಅಂಗಡಿರಿ,” ಎಂದ ಅಂಬರೀಷ. “ ಗಾದಿ ಮ್ಯಾಗ ಮಂದಿ ಮಲಗತಾರ.”

“ಮಲಗೋದು ಅವರ ಮನ್ಯಾಗ. ನಮ್ಮ ಬೋರ್ಡಿನ್ಯಾಗ ಯಾಕ?”

ಗುರುನಾಥನಿಗೆ ಇದು ಬಹಳ ಸರಿ ಕಂಡಿತು. ‘ಇವತ್ತು ಜಲ್ದಿ ಮಲಗ್ರಿ’ ಹೋಗಿ ‘ಏಳ್ರಿ, ಎದ್ದೇಳ್ರಿ, ಗಾದಿ ಕೊಳ್ರಿ’ ಬಂತು, ಜೊತೆಗೆ ಒಂದು ಗಾದಿಯ ಚಿತ್ರವೂ. ಅಂಬರೀಷ ಮೊಹಿನುದ್ದೀನ ತಂದಿದ್ದ ಲ್ಯಾಪ್‌ಟಾಪಿನ ಮುಂದೆ ಕುಳಿತು, ತನ್ನ ಕೂಸನ್ನು ತಾನೇ ಕೈಯಾರೆ ದತ್ತು ಕೊಟ್ಟವನ ಹಾಗೆ ಒಂದೊಂದು ಅಕ್ಷರ ಅಳಿಸಿದ. ಆದರೂ ಧೈರ್ಯ ತಂದುಕೊಂಡ. ಏಳ್ರಿ ಎಂದರೂ ಬರೆದವನು ತಾನೇ ತಾನೆ? ಅದನ್ನು ಓದಿ ಒಬ್ಬ ಬಂದರೂ ಅವ್ವನ ಮಾತು ಮುಗಿಯಿತು.

ರುಕ್ಮಿಣಿಬಾಯಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. “ನಮ್ಮ ಅನೀಲಕುಮಾರಂದು ಫೋಟೋ ಎಲ್ಲದ?”

ಅನೀಲಕುಮಾರ ಮನೆಯ ಅಳಿಯ. ಗುತ್ತಿಗೆದಾರ, ಮುಂದಿನ ಸಲ ಪುರಸಭೆಗೆ ನಿಲ್ಲುವ ಆಲೋಚನೆಯಲ್ಲಿದ್ದವನು. ಅವನ ಫೋಟೋ ಕೇಳುವ ಮೊದಲೇ ವಾಟ್ಸಾಪಿಗೆ ಬಂದು ಬಿತ್ತು. ಗುರುನಾಥನ ಹೆಂಡತಿ ರೂಪಾಲಿ ಅಡುಗೆಮನೆಯಿಂದಲೇ ಕೇಳಿದಳು: “ಮಗಳ ಗಂಡಗ ಜಾಗಾ ಅದ, ಸೊಸಿ ಅಣ್ಣಗ ಇಲ್ಲೇನು?” ರೂಪಾಲಿಯ ಅಣ್ಣ ನರಸಿಂಗನಿಗೂ ಪುರಸಭೆಯ ಅದೇ ವಾರ್ಡಿನ ಮೇಲೆ ಕಣ್ಣಿತ್ತು. ಅವನ ಫೋಟೋ ಬಂತು. ಅನೀಲಕುಮಾರನ ಗೆಳೆಯರ ಫೋಟೋಗಳು ಬಂದವು. ನರಸಿಂಗನ ಗೆಳೆಯರು ತಾವೇನು ಕಡಿಮೆಯೆಂದು ತಂಪು ಕನ್ನಡಕ ಹಾಕಿಕೊಂಡು ತೆಗೆಸಿಕೊಂಡ ಫೋಟೋಗಳನ್ನು ಕಳಿಸಿದರು. ಒಂದೊಂದು ಮುಖ ಬಂದ ಹಾಗೆ ಅಂಬರೀಷನ ಸಾಲು ಒಂದೊಂದು ಗೇಣು ಕುಗ್ಗಿತು. ಕೊನೆಗೆ ಗಾದಿಯ ಚಿತ್ರವನ್ನೇ ತೆಗೆಯಬೇಕಾಯಿತು.

“ಗಾದಿ ಇಲ್ಲದಾಂಗ ಗಾದಿ ಅಂಗಡಿ ಅಂತ ಹ್ಯಾಂಗ ಗೊತ್ತಾಗಬೇಕ್ರಿ?” ಎಂದು ಅಂಬರೀಷ ಅಂಗಲಾಚಿದ.

“ಗಾದಿ ಯಾರಿಗಿ ಗೊತ್ತಿಲ್ಲಪಾ? ಎಲ್ಲರ ಮನ್ಯಾಗೂ ಅದಾವ,” ಎಂದ ಗುರುನಾಥ. “ಅನೀಲಕುಮಾರನ ಸಿಟ್ಟು ನಿನಗ ಗೊತ್ತಿಲ್ಲ.”

ಅಂಬರೀಷನ ಸಾಲು ಕಡೆಗೆ ಇಬ್ಬರ ಮೀಸೆಗಳ ನಡುವೆ, ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನಿಂತ ಪ್ರಯಾಣಿಕನ ಹಾಗೆ ಸಿಕ್ಕಿಕೊಂಡಿತು. ಓದಬೇಕೆಂದರೆ ಏಣಿ ಹತ್ತಬೇಕಿತ್ತು. ಆದರೂ ಇತ್ತು. ಅಂಬರೀಷ ಅಷ್ಟಕ್ಕೇ ದೇವರಿಗೆ ಕೈ ಮುಗಿದ.

ಮಧ್ಯಾಹ್ನದ ಬಿಸಿಲಿನಲ್ಲಿ ಫ್ಲೆಕ್ಸ್ ಕಟ್ಟುವ ಖಾಜಾ ಅಂಗಡಿಯ ಪಕ್ಕದ ಎತ್ತರದ ಕಬ್ಬಿಣದ ಚೌಕಟ್ಟು ಹತ್ತಿ ಬೋರ್ಡನ್ನು ಬಿಗಿದ. ಬಿಗಿದು ಇಳಿಯುವ ಮೊದಲೇ ಅನೀಲಕುಮಾರನ ಬುಲೆಟ್ ಗಾಡಿ ಬಂದು ನಿಂತಿತು. ಅವನು ಕತ್ತು ಮೇಲೆತ್ತಿ ತನ್ನ ಮುಖ ನೋಡಿದ, ನರಸಿಂಗನ ಮುಖ ನೋಡಿದ, ಮತ್ತೆ ತನ್ನ ಮುಖ ನೋಡಿದ.

“ಅವನ ತಲಿ ನನಗಿಂತ ದೊಡ್ಡದಾಗಿ ಯಾಕ ಬಂದದ?”

“ಅವರ ತಲೀನೇ ಹಂಗ ಅದರಿ,” ಎಂದ ಅಂಬರೀಷ. ಸತ್ಯವನ್ನು ಹೇಳಬಾರದ ಹೊತ್ತಿನಲ್ಲಿ ಹೇಳುವುದು ಬರೆಯುವವರಿಗೆ ಮೊದಲಿನಿಂದಲೂ ಇರುವ ಕೆಟ್ಟ ಚಟ.

ಆ ಮಾತನ್ನು ಆಗತಾನೇ ಬಂದಿಳಿದ ನರಸಿಂಗ ಕೇಳಿಸಿಕೊಂಡ. ಅಲ್ಲಿಂದ ಮುಂದೆ ಯಾರು ಯಾರಿಗೆ ಏನೆಂದರೆಂದು ಹೇಳುವುದು ಸಭ್ಯರಿಗೆ ತಕ್ಕದ್ದಲ್ಲ. ಒಬ್ಬ ಬೋರ್ಡು ಇಳಿಸು ಎಂದ. ಇನ್ನೊಬ್ಬ ಇಳಿಸಿದರೆ ಕೈ ಮುರೀತೀನಿ ಎಂದ. ಇಳಿಸದಿದ್ದರೆ ಸಂಜೆ ಓಪನಿಂಗಿಗೆ ಬರುವುದಿಲ್ಲ ಎಂದು ಅಳಿಯ, ಇಳಿಸಿದರೆ ತಂಗಿಯನ್ನು ತವರಿಗೆ ಕರೆದೊಯ್ಯುತ್ತೇನೆ ಎಂದು ಅಣ್ಣ. ಗುರುನಾಥ ಇಬ್ಬರಿಗೂ ಹೌದ್ರಿ ಹೌದ್ರಿ ಎನ್ನುತ್ತ ನಡುವೆ ಬೆವರಿದ.

ಮೇಲೆ ಕಾದ ಕಬ್ಬಿಣದ ಮೇಲೆ ಖಾಜಾ ಕಾಲು ಬದಲಿಸಿ ಬದಲಿಸಿ ನಿಂತಿದ್ದ. “ಸೇಠ್, ಊಟಾ ಆಗಿಲ್ಲ ನಂದು! ಇಳಸಬೇಕೋ, ಇಡಬೇಕೋ? ಒಂದು ಹೇಳ್ರಿ!”

ಕೆಳಗಿನಿಂದ ಎರಡೂ ಉತ್ತರಗಳು ಒಟ್ಟಿಗೇ ಬಂದವು. ಖಾಜಾ ಏನೋ ಗೊಣಗಿಕೊಂಡ. ಹಗ್ಗ ಬಿಚ್ಚಿ, ಫ್ಲೆಕ್ಸನ್ನು ಹಿಂದುಮುಂದು ಮಾಡಿ, ಮುಖಗಳನ್ನೆಲ್ಲ ಒಳಗೆ ಹಾಕಿ, ಬೆನ್ನು ಹೊರಗೆ ಮಾಡಿ ಬಿಗಿದು ಕಟ್ಟಿ ಸರಸರನೆ ಇಳಿದ. “ಈಗ ಇಳಿಸಿದಾಂಗೂ ಆತು, ಇಟ್ಟಾಂಗೂ ಆತು. ಸಲಾಂ,” ಎಂದು ಊಟಕ್ಕೆ ಹೋದ.

ಎಲ್ಲರೂ ಮೇಲೆ ನೋಡಿದರು. ಬೋರ್ಡು ಬೆಳ್ಳಗಿತ್ತು. ಒಂದು ಮೀಸೆ ಇಲ್ಲ, ಒಂದು ಶಾಲು ಇಲ್ಲ, ಒಂದು ಅಕ್ಷರವೂ ಇಲ್ಲ. ಯಾರೂ ದೊಡ್ಡವರಾಗಿ ಕಾಣುತ್ತಿಲ್ಲವೆಂದು ಖಚಿತವಾದ ಮೇಲೆ ಅಳಿಯನೂ ಅಣ್ಣನೂ ಗಾಡಿ ತಿರುಗಿಸಿದರು.

ಅಂಬರೀಷನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆಳಗಿನಿಂದ ಬೇಡಿದ ಖಾಲಿ ಜಾಗ ಸಿಕ್ಕಿತ್ತು, ಅದರ ಮೇಲೆ ಸಾಲಿರಲಿಲ್ಲ. “ಸೇಠ್, ಒಂದು ಡಬ್ಬಿ ಕರಿ ಪೇಂಟ್ ಕೊಡಸ್ರಿ. ನಾನೇ ಹತ್ತಿ ಬರೀತೀನಿ. ಒಂದೇ ಸಾಲು,” ಎಂದು ಬೇಡಿಕೊಂಡ.

“ಮುಟ್ಟಿದ್ರ ನೋಡು! ಈಗ ಎಲ್ಲಾರೂ ಸುಮ್ಮನಾಗ್ಯಾರ,” ಎಂದು ಗುರುನಾಥ ಗದರಿದ. ಅಂಬರೀಷ ಹೊಸ ಗಾದಿಗಳ ರಾಶಿಯ ಪಕ್ಕದಲ್ಲಿ ಕುಸಿದು ಕುಳಿತ. ಬರೆದದ್ದೇ ಇಲ್ಲದ ಮೇಲೆ ಓದಿ ಬರುವವರು ಯಾರು? ಮೂಗಿನೊಳಗೆ ಆಗಲೇ ಸಿಮೆಂಟಿನ ದೂಳು ಹೋದ ಹಾಗಾಯಿತು.

ಆದರೆ ಬಿಸಿಲು ಇಳಿಯುತ್ತಿದ್ದ ಹಾಗೆ ಒಂದು ಸೋಜಿಗ ಶುರುವಾಯಿತು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಮೋಟಾರ್ ಸೈಕಲ್ಲೊಂದು ನಿಂತಿತು. ಇಬ್ಬರು ಇಳಿದು ಬಿಳಿ ಬೋರ್ಡನ್ನೇ ನೋಡಿದರು. ಹಿಂದೆ ಒಂದು ಜೀಪು ನಿಂತಿತು. ಘಾಟಬೋರಾಳದ ಕಡೆಯ ಟಂಟಂ ಆಟೋದಿಂದ ನಾಲ್ಕಾರು ಜನ ಇಳಿದು ಅಂಗಡಿಯ ಕಡೆ ಬೆರಳು ಮಾಡಿ ಮಾತಾಡತೊಡಗಿದರು. ರುಕ್ಮಿಣಿಬಾಯಿ ತೆಂಗಿನಕಾಯಿ ಒಡೆದು ಪೂಜೆ ಮುಗಿಸುವ ಹೊತ್ತಿಗೆ ಅಂಗಡಿಯ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲ.

“ಆ ಬೆಳ್ಳನ ಬೋರ್ಡ್ ನಿಮ್ಮದೇನ್ರಿ?” ಎಂದು ಬಂದವರೆಲ್ಲ ಕೇಳುವವರೇ.

ಅಂಬರೀಷ ಎದ್ದು ನಿಂತ. ಎದೆ ತಾನಾಗಿ ಉಬ್ಬಿತು. ತಾನು ಹೇಳಿದ್ದು ಇದನ್ನೇ ಅಲ್ಲವೇ! ಖಾಲಿ ಜಾಗದಲ್ಲಿ ಕಣ್ಣು ನಿಲ್ಲುತ್ತದೆ ಎಂದು ಬೆಳಗಿನಿಂದ ಬಾಯಿ ಬಡಿದುಕೊಂಡಿದ್ದ. ಸಾಲು ಇಲ್ಲದಿದ್ದರೇನು, ಐಡಿಯಾ ತನ್ನದೇ. “ಹೌದ್ರಿ, ನಮ್ಮದೇ. ನಾನೇ ಮಾಡಿದ್ದು,” ಎಂದು ಎಲ್ಲರಿಗೂ ಹೇಳಿದ. ಕೂಡಲೇ ಮನೆಗೆ ಫೋನು ಹಚ್ಚಿದ.

“ಅವ್ವಾ, ಗದ್ದಲಾ ಕೇಳಸ್ತದೇನು? ಅಂಗಡಿ ತುಂಬ ಮಂದಿ!”

“ಒಬ್ಬರಿಗಿ ಕೊಡು ಫೋನು,” ಎಂದಳು ಸತ್ಯಮ್ಮ.

ಯಾರಿಗೆ ಕೊಡಲಿ ಎಂದು ಸುತ್ತ ನೋಡಿದವನಿಗೆ ಜನರ ನಡುವೆ ಒಂದು ಪರಿಚಿತ ಬೋಳುತಲೆ ಕಂಡಿತು. ಸಾಕ್ಷಾತ್ ಮಾರುತಿ ಮಾಮಾ! ಸಿಮೆಂಟಿನ ಲಾರಿಯೊಂದಿಗೆ ಹೊರಟಿದ್ದವನು ಬೋರ್ಡು ನೋಡಿ ಲಾರಿ ನಿಲ್ಲಿಸಿ ಬಂದಿದ್ದ. ಅಂಬರೀಷನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಅವ್ವ ನಂಬುವ ಸಾಕ್ಷಿ ಇದಕ್ಕಿಂತ ಬೇರೆ ಬೇಕೆ? ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮಾಮಾನ ಕೈಗೆ ಫೋನು ತುರುಕಿದ.

“ಮಾಮಾ, ನೀವೇ ಹೇಳ್ರಿ ಅವ್ವಗ. ಬೋರ್ಡ್ ನೋಡಿ ಬಂದ್ರೋ ಇಲ್ಲೋ?”

“ಹೌದಲೇ, ಬೋರ್ಡ್ ನೋಡೇ ಬಂದೀನಿ,” ಎಂದ ಮಾರುತಿ. “ಅಕ್ಕಾ, ಹೆದ್ದಾರಿ ಮ್ಯಾಗ ಇಷ್ಟ ದೊಡ್ಡ ಬೋರ್ಡ್ ಖಾಲಿ ಬಿದ್ದದ ನೋಡು. ಬರೋ ಸೋಮವಾರ ನನ್ನ ಹುಟ್ಟಿದ ಹಬ್ಬ ಅಲ್ಲ? ಬಾಡಿಗಿಗಿ ಕೊಡ್ತಾರೇನು ಕೇಳಮಂತ ಇಳದೆ. ಇಲ್ಲಿ ನೋಡಿದ್ರ ಎಲ್ಲಾರೂ ಅದಕ್ಕೇ ಬಂದಾರ!”

“ನಮ್ಮ ಅಣ್ಣಾರದು ಬುಧವಾರ ಅದರಿ, ನಾವು ಮೊದಲ ಬಂದೀವಿ!” ಎಂದು ಜೀಪಿನವರು ಕೂಗಿದರು.

“ಓದಿ ಬಂದವರು ಯಾರೂ ಇಲ್ಲ ಅಂದಂಗಾತು,” ಎಂದು ಸತ್ಯಮ್ಮ ಫೋನು ಇಟ್ಟಳು.

ಗುರುನಾಥನಿಗೆ ಮಾತ್ರ ಬೇರೆಯೇ ಕಣ್ಣು ತೆರೆಯಿತು. ಗಾದಿಗಳನ್ನು ಬದಿಗೆ ತಳ್ಳಿಸಿ, ಮೇಜು ಕುರ್ಚಿ ತರಿಸಿ, ಬೋರ್ಡಿನ ಬುಕಿಂಗ್ ಶುರುಮಾಡಿದ. ಕತ್ತಲಾಗುವ ಮೊದಲು ಇನ್ನೂ ನಾಲ್ಕು ಚೌಕಟ್ಟಿಗೆ ಕಬ್ಬಿಣ ತರಲು ಹೇಳಿದ. ಅಂಬರೀಷನ ಬೆನ್ನು ತಟ್ಟಿ, “ನೀ ಹೇಳಿದ್ದು ಖರೇ ಅದ ತಮ್ಮಾ. ಖಾಲಿ ಜಾಗಾಕ್ಕೇ ಬೆಲಿ,” ಎಂದ. ಬರೆದದ್ದು ಏನೂ ಬಳಕೆಯಾಗಲಿಲ್ಲವಾದ್ದರಿಂದ ಬರವಣಿಗೆಯ ರೊಕ್ಕದ ಮಾತೆತ್ತದೆ, ಪ್ರೀತಿಯ ಗುರುತಿಗೆ ಒಂದು ಗಾದಿಯನ್ನು ಸುತ್ತಿ ಹೆಗಲ ಮೇಲೆ ಇಟ್ಟ. ಆ ಅಂಗಡಿಯಿಂದ ಅಂದು ಹೊರಗೆ ಹೋದ ಗಾದಿ ಅದೊಂದೇ.

ಮಾಮಾನ ಲಾರಿಯಲ್ಲೇ ಅಂಬರೀಷ ಬಸವಕಲ್ಯಾಣಕ್ಕೆ ಮರಳಿದ. ಸಿಮೆಂಟ್ ಚೀಲಗಳ ಮೇಲೆ ಗಾದಿ, ಗಾದಿಯ ಮೇಲೆ ಅವನು. ದಾರಿಯುದ್ದಕ್ಕೂ ಮಾಮಾ ಮುಂದಿನಿಂದ ಕೂಗಿ ಹೇಳುತ್ತಿದ್ದ: “ನಾಳಿ ಅಂಗಡಿಗಿ ಬಂದ ಕೂಡಲೇ ಮೊದಲ ಕೆಲಸ, ನನ್ನ ಹುಟ್ಟಿದ ಹಬ್ಬದ ಬೋರ್ಡಿಗಿ ಎಲ್ಲಾ ಬೀಗರ ಫೋಟೋ ಕೂಡಸು. ಬರೆಯೋದೇನೂ ಬ್ಯಾಡ, ಜಾಗಾ ಸಾಲಂಗಿಲ್ಲ. ನಿಂದೂ ಒಂದು ಹಾಕಮ, ಕೆಳಗ ಮೂಲ್ಯಾಗ!”

ಮನೆಯಲ್ಲಿ ಸತ್ಯಮ್ಮ ಬಿಸಿ ರೊಟ್ಟಿ ಬಡಿಸಿದಳು. ಅವನು ಉಣ್ಣುತ್ತಿರುವಾಗಲೇ ಹೊಸ ಗಾದಿ ಹಾಸಿ, ಮೇಲೆ ತೊಳೆದ ಬಿಳಿ ಚಾದರ ಎಳೆದು, ಅಂಗೈಯಿಂದ ನಿರಿಗೆ ಸರಿಮಾಡಿದಳು.

“ಮುಂಜಾನೆ ಅಂಗಡಿ ತೆಗಿಬೇಕು,” ಎಂದಳು. “ಇವತ್ತು ಜಲ್ದಿ ಮಲಗು.”

ಅಂಬರೀಷ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವಳ ಮುಖ ನೋಡಿದ. ತಾನು ಬರೆದ ಸಾಲನ್ನು ಅವನು ಅವ್ವನಿಗೆ ಹೇಳಿರಲೇ ಇಲ್ಲ. ಕೈ ತೊಳೆದು ಬಂದು ಸುಮ್ಮನೆ ಮಲಗಿದ.