ಕಾರ್ಯದರ್ಶಿಯ ಬಾಯಿಗೆ ಬೀಗ

ಬಿಷಪ್ಪರ ಕಾಗದದ ಹಿಂಬದಿಯನ್ನು ಗಡಿಯಾರದ ಮಾಮ ತಿರುವಿ ನೋಡಿರಲಿಲ್ಲ. ಕೈಗಡಿಯಾರದೊಳಗಿನ ಎಳ್ಳುಕಾಳಿನಷ್ಟು ಸ್ಕ್ರೂ ಕಾಣುವ ಕಣ್ಣಿಗೆ ಅಂಗೈಯಗಲದ ಕಾಗದದ ಇನ್ನೊಂದು ಮಗ್ಗುಲು ಕಾಣದೆ ಹೋದದ್ದೇ ಆ ಶನಿವಾರದ ಅವಾಂತರಕ್ಕೆಲ್ಲ ಮೂಲ.

ನಡುಬೀದಿಯಲ್ಲಿ ಅವರದು ಗಡಿಯಾರ ರಿಪೇರಿಯ ಅಂಗಡಿ. ಜತೆಗೆ ಇಪ್ಪತ್ತೆರಡು ವರ್ಷದಿಂದ ಚರ್ಚಿನ ಕಾರ್ಯದರ್ಶಿ. ಕೈ ಎಷ್ಟು ಸೂಕ್ಷ್ಮವೋ ಬಾಯಿ ಅಷ್ಟೇ ಧಾರಾಳ. ನಿಂತ ಗಡಿಯಾರ ಹಿಡಿದು ಬಂದ ಗಿರಾಕಿಯ ಗಡಿಯಾರ ನಡೆಯತೊಡಗುತ್ತಿತ್ತು, ಗಿರಾಕಿ ನಿಂತಲ್ಲೇ ನಿಂತುಬಿಡುತ್ತಿದ್ದ. ಅಂಥವರಿಗೆ ಬಿಷಪ್ಪರಿಂದ ಕಾಗದ ಬಂದಿತ್ತು: ಶನಿವಾರ ಸಂಜೆ ಐದಕ್ಕೆ ತಾವೇ ಬರುತ್ತೇವೆ, ಯುವಕರು ಚರ್ಚಿಗೆ ಏಕೆ ಬರುತ್ತಿಲ್ಲ ಎಂಬುದರ ಬಗ್ಗೆ ಸಭೆ ಸೇರಿಸಿ. ಮಾಮ ಹನ್ನೊಂದು ಪುಟದ ಭಾಷಣ ಬರೆದಿದ್ದರು. ಮೊಬೈಲಿಗೆ ನಾಲ್ಕು ಪುಟ, ತಲೆಗೂದಲಿಗೆ ಎರಡು, ಸೋಮಾರಿತನಕ್ಕೆ ಮೂರು, ಉಳಿದದ್ದು ತಾವು ಹುಡುಗರಾಗಿದ್ದಾಗ ಹೇಗಿದ್ದರು ಎಂಬುದಕ್ಕೆ.

ಬೆಳಿಗ್ಗೆ ಹೆಂಡತಿ ಮೇಜು ಒರೆಸುತ್ತ ಆ ಕಾಗದವನ್ನು ಎತ್ತಿದರು.

"ಹಿಂದುಗಡೆ ಏನೋ ಬರೆದಿದ್ದಾರಲ್ಲ. 'ಚರ್ಚಿಗೆ ಬರುವುದನ್ನು ನಿಲ್ಲಿಸಿದ ಐದು ಮಂದಿ ತರುಣರನ್ನು ತಪ್ಪದೆ ಕರೆತರುವುದು. ಅವರ ಬಾಯಿಂದಲೇ ಕೇಳಬೇಕಾಗಿದೆ.'"

ಮಾಮನ ಕೈಲಿದ್ದ ಲೋಟ ಅರ್ಧದಲ್ಲೇ ನಿಂತಿತು. "ಅವರನ್ನೇನು ಕೇಳೋದು? ಕಾರಣ ಎಲ್ಲ ನಾನು ಬರೆದಿಟ್ಟಿದೀನಲ್ಲ."

"ಅದನ್ನ ಬಿಷಪ್ಪರಿಗೆ ಹೇಳಿ," ಎಂದು ಹೆಂಡತಿ ಒಳಗೆ ಹೋದರು.

ಹತ್ತು ಗಂಟೆಗೆ ಮಾಮ ಅಂಗಡಿಗೆ ಅರ್ಧ ಬಾಗಿಲು ಎಳೆದು ಹೊರಟರು. ಮೊದಲು ಹೊಕ್ಕಿದ್ದು ಮೂಲೆಯ ಮೊಬೈಲ್ ಅಂಗಡಿಗೆ. ಅಲ್ಲಿ ಅಣ್ಣತಮ್ಮಂದಿರಿಬ್ಬರಿದ್ದರು. "ನೀವು ಚರ್ಚಿಗೆ ಯಾಕಪ್ಪ ಬರ್ತಿಲ್ಲ?" ಎಂದು ಮಾಮ ಕೇಳಿದರು. ಅಣ್ಣ ಬಾಯಿ ತೆರೆದ. ಅಷ್ಟರಲ್ಲಿ ಮಾಮ, "ಹೇಳಬೇಡ, ನನಗೆ ಗೊತ್ತು," ಎಂದು ಶುರು ಮಾಡಿದರು. ಮುಕ್ಕಾಲು ಗಂಟೆಯ ಮೇಲೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಣ್ಣತಮ್ಮಂದಿರು ಹಿಂದಿನ ಬಾಗಿಲಿಂದ ಕಾಫಿಗೆ ಹೋಗಿಯಾಗಿತ್ತು. ಗಾಜಿನ ಕಪಾಟಿನೊಳಗಿನ ಫೋನುಗಳು ಮಾತ್ರ ಸಾಲಾಗಿ ನಿಂತು ಕೇಳಿಸಿಕೊಳ್ಳುತ್ತಿದ್ದವು.

ಎರಡನೆಯದು ಸಲೂನು. ಅದರ ಒಡೆಯ ಇಪ್ಪತ್ತಾರರ ತರುಣ, ಕುತ್ತಿಗೆಯವರೆಗೆ ಕೂದಲು ಬಿಟ್ಟವನು.

"ಅಂಕಲ್, ಶನಿವಾರ ಪುರುಸೊತ್ತಿಲ್ಲ. ಮಾತಾಡೋದಾದರೆ ಕುರ್ಚೀಲಿ ಕೂತ್ಕೊಳ್ಳಿ."

ಮಾಮ ಕೂತರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಖದ ತುಂಬ ನೊರೆ ಮೆತ್ತಿತ್ತು. "ಯಾಕಪ್ಪ ನೀನು" ಎನ್ನುವಷ್ಟರಲ್ಲಿ ಕತ್ತಿ ಗಂಟಲ ಗಂಟಿನ ಮೇಲೆ ಬಂದು ಕೂತಿತು.

"ಅಲುಗಾಡಬೇಡಿ. ಯಾಕೆ ಬರ್ತಿಲ್ಲ ಅಂತ ತಾನೆ? ಹೇಳ್ತೀನಿ ಕೇಳಿ. ನಾನು ಗಿಟಾರ್ ನುಡಿಸ್ತಿದ್ದೆ, ನೆನಪಿದೆಯಾ? ಒಂದು ಕೀರ್ತನೆಗೆ ಎರಡು ತಿಂಗಳು ಅಭ್ಯಾಸ ಮಾಡಿ, ಸ್ನೇಹಿತರು ಮೂರು ಜನಾನ ಕರ್ಕೊಂಡು ಬಂದಿದ್ದೆ. ಅವರೆಲ್ಲ ಮೊದಲನೇ ಸಲ ಬಂದೋರು. ಆಗ ಮುಂದಿನ ಸಾಲಿನಿಂದ ಒಬ್ಬರು ಎದ್ದು, 'ಇದು ದೇವರ ಮನೆ, ನಾಟಕದ ಟೆಂಟಲ್ಲ, ಆ ಡಬ್ಬ ಹೊರಗಿಡು' ಅಂದರು." ಕತ್ತಿ ಮೆಲ್ಲಗೆ ಗದ್ದದ ಕೆಳಗೆ ಇಳಿಯಿತು. "ಯಾರು ಅಂದಿದ್ದು ಅಂತ ನಿಮಗೆ ಗೊತ್ತು."

ಮಾಮನಿಗೆ ಗೊತ್ತಿತ್ತು. ಅದಕ್ಕೆ ಕೊಡಬೇಕಾದ ಉತ್ತರವೂ ಭಾಷಣದ ಆರನೇ ಪುಟದಲ್ಲಿತ್ತು. ಆದರೆ ಗಂಟಲ ಮೇಲೆ ಕತ್ತಿ ಇದ್ದಾಗ ಆರನೇ ಪುಟದಿಂದ ಏನು ಪ್ರಯೋಜನ? ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಬ್ಬ ಹುಡುಗ ಹೇಳಿದ್ದನ್ನು ಅವರು ಪೂರ್ತಿ ಕೇಳಿದರು. ನೊರೆ ಒರೆಸಿದ ಮೇಲೆ ಕನ್ನಡಿಯಲ್ಲಿ ಕಂಡ ಮುಖ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ.

"ಸಂಜೆ ಐದಕ್ಕೆ ಬಾರಪ್ಪ," ಎಂದಷ್ಟೇ ಹೇಳಿದರು.

"ನೋಡೋಣ ಅಂಕಲ್."

ಮೂರೂವರೆಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಡಾಕ್ಟರು ಮೂವತ್ತು ತುಂಬದ ಹೆಣ್ಣುಮಗಳು, ಮಾಮನ ಕಣ್ಣೆದುರಿಗೇ ಬೆಳೆದವಳು. ಅವಳೂ ಕುರ್ಚಿಯನ್ನೇ ತೋರಿಸಿದಳು. "ಯಾಕಮ್ಮ ನೀನು" ಎಂದು ಮಾಮ ಬಾಯಿ ತೆರೆದದ್ದೇ ತಡ, ಸಣ್ಣ ಕನ್ನಡಿ ಒಳಗೆ ಹೋಯಿತು.

"ಅಯ್ಯೋ ಮಾಮ, ಈ ದವಡೆ ಹಲ್ಲು ಪೂರ್ತಿ ಹುಳುಕಾಗಿದೆ. ನೋವಿಲ್ವಾ ನಿಮಗೆ? ಇವತ್ತೇ ತೆಗೀಬೇಕು."

ಮಾಮ ಕೈಸನ್ನೆಯಲ್ಲಿ ಬೇಡ ಎಂದರು. ಅವಳು ಹೆದರಿಕೆ ಎಂದುಕೊಂಡು ಎರಡು ಇಂಜೆಕ್ಷನ್ ಕೊಟ್ಟಳು. ಇಕ್ಕಳ ಹಿಡಿದು ಅಲುಗಾಡಿಸುತ್ತ, ಕೆಲಸ ಮಾಡುವವರು ತಮ್ಮಷ್ಟಕ್ಕೆ ತಾವು ಮಾತಾಡಿಕೊಳ್ಳುವ ಹಾಗೆ ಹೇಳಿದಳು:

"ನನ್ನ ತಮ್ಮ ಆಸ್ಪತ್ರೇಲಿದ್ದಾಗ ನನಗೆ ಹದಿನೈದು. ಭಾನುವಾರದ ಕ್ಲಾಸಲ್ಲಿ ಕೇಳಿದೆ, ಏನೂ ತಪ್ಪು ಮಾಡದ ಮಗೂಗೆ ಇಷ್ಟು ನೋವು ಯಾಕೆ ಅಂತ. ಹಾಗೆಲ್ಲ ಕೇಳೋದು ಅವಿಶ್ವಾಸ, ಕೂತ್ಕೋ ಅಂದರು. ನನಗೆ ಉತ್ತರ ಬೇಕಿರಲಿಲ್ಲ ಮಾಮ. 'ನನಗೂ ಗೊತ್ತಿಲ್ಲಮ್ಮ' ಅಂತ ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು."

ಹಲ್ಲು ಬಂತು. ಮಾಮನ ಕಣ್ಣಲ್ಲಿ ನೀರೂ ಬಂತು. ಇಂಜೆಕ್ಷನ್ನಿನಿಂದ ಬಾಯಿ ಮರಗಟ್ಟಿತ್ತಾದ್ದರಿಂದ ಆ ನೀರು ಹಲ್ಲಿನದಾಗಿರಲಿಲ್ಲ. ಏನೋ ಹೇಳಹೋದರು. "ವ್ವಾ ವ್ವೂ" ಎಂದಷ್ಟೇ ಕೇಳಿತು. ಕಾಗದದ ಮೇಲೆ ಸಂಜೆಯ ಸಭೆಯ ವಿಷಯ ಬರೆದು ತೋರಿಸಿದರು. ಡಾಕ್ಟರು ಅದನ್ನು ಓದಿ, ಹತ್ತಿಯುಂಡೆ ಕಚ್ಚಿಸಿ, "ಎರಡು ಗಂಟೆ ಮಾತಾಡೋ ಹಾಗಿಲ್ಲ," ಎಂದು ಕಳಿಸಿದಳು.

ಬೀದಿಗೆ ಇಳಿದರೆ ಎದುರಿಗೇ ಆರ್ಗನ್ ಟೀಚರಮ್ಮ. ಚರ್ಚಿನಲ್ಲಿ ಆರ್ಗನ್ ನುಡಿಸುವ ನಿವೃತ್ತ ಶಿಕ್ಷಕಿ. ಸುದ್ದಿಗೆ ಅವರ ಬಾಯಿಗಿಂತ ವೇಗದ ವಾಹನ ಆ ಊರಿನಲ್ಲಿರಲಿಲ್ಲ. ಅವರು ಕಂಡದ್ದು ಒಂದು ಕಡೆಗೆ ಜೋತುಬಿದ್ದ ಬಾಯಿ, ಸುರಿಯುವ ಜೊಲ್ಲು, ಒದ್ದೆಯಾದ ಕಣ್ಣು.

"ಏನ್ರೀ ಇದು ಕಾರ್ಯದರ್ಶಿಗಳೇ?"

"ವ್ವಾ ವ್ವೂ."

"ದೇವರೇ, ಲಕ್ವ ಹೊಡೆದಿದೆ," ಎಂದು ಟೀಚರಮ್ಮ ಅವರನ್ನು ಬೇಕರಿಯ ಮೆಟ್ಟಿಲ ಮೇಲೆ ಕೂರಿಸಿಯೇಬಿಟ್ಟರು. ಮಾಮ ಏಳಹೋದರೆ ಹೆಗಲು ಅದುಮಿದರು. ಬಾಯಿ ತೋರಿಸಿದರೆ ನೀರು ಕುಡಿಸಿದರು, ಅದು ಅಂಗಿಯ ಮೇಲೆಯೇ ಇಳಿಯಿತು. ಅದನ್ನು ಕಂಡು ಸೇರಿದ ಜನ ಲೊಚಗುಟ್ಟಿದರು. ಒಬ್ಬ ಕೈ ತಿಕ್ಕಿದ, ಇನ್ನೊಬ್ಬ ಕಾಲು ತಿಕ್ಕಿದ, ಮೂರನೆಯವನು ತಿಕ್ಕಲು ಏನೂ ಉಳಿಯದೆ ಬೋಳುತಲೆ ತಿಕ್ಕಿದ. ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಮಾಮ ಸ್ಟ್ರೆಚರಿನ ಮೇಲೆ ಕೈಕಾಲು ಬಡಿದರು. "ಫಿಟ್ಸೂ ಇದೆ," ಎಂದು ಯಾರೋ ಅಂದರು.

ಬೆಲ್ಟು ಬಿಗಿದ ನರ್ಸ್ ಚಿಕ್ಕ ಹುಡುಗಿ. ಅವರ ಕೈ ಹಿಡಿದು ನಾಡಿ ನೋಡಿ, ಮುಂದೆ ಕೂತ ಡ್ರೈವರಿಗೆ ಹೇಳಿದಳು, "ಇವರು ಚರ್ಚಿನ ಕಾರ್ಯದರ್ಶಿ ಅಲ್ವಾ? ನಾನು ಊರಿಗೆ ಹೊಸದಾಗಿ ಬಂದಾಗ ಒಂದು ವರ್ಷ ಹೋಗಿದ್ದೆ. ಯಾರ ಮನೆಯವಳು, ಯಾರ ಮನೆಯವಳು ಅಂತ ಹದಿನಾಲ್ಕು ಜನ ಕೇಳಿದರು. ನಿನ್ನ ಹೆಸರೇನಮ್ಮ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಬಿಟ್ಟೆ. ಬಿಟ್ಟಿದ್ದೂ ಯಾರಿಗೂ ಗೊತ್ತಾಗಲಿಲ್ಲ."

"ನೀನೇ ವಾಸಿ," ಎಂದ ಡ್ರೈವರ್. "ನಾನು ಒಂದು ಅಪಘಾತದ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಹೋಗಿದ್ದೆ. ಮನಸ್ಸು ಕೆಟ್ಟಿತ್ತು, ಐದು ನಿಮಿಷ ಸುಮ್ಮನೆ ಕೂರಬೇಕಿತ್ತು. ಬಟ್ಟೆ ಬದಲಿಸಿ ಬಾ ಅಂತ ಬಾಗಿಲಲ್ಲೇ ತಡೆದರು. ಬದಲಿಸಿದೆ. ವಾಪಸ್ ಹೋಗಲಿಲ್ಲ."

ಮಲಗಿದ್ದ ಮಾಮ ಕೈಕಾಲು ಬಡಿಯುವುದನ್ನು ಬಿಟ್ಟರು. ಆ ಇಬ್ಬರ ಮುಖವನ್ನೂ ಹಿಂದೆ ನೋಡಿದ ನೆನಪು ಅವರಿಗಿರಲಿಲ್ಲ. ತಮ್ಮನ್ನು ಗುರುತು ಹಿಡಿದೂ ಕೈ ಬಿಡದೆ ನಾಡಿ ಹಿಡಿದಿದ್ದ ಆ ಬೆರಳುಗಳನ್ನೇ ನೋಡುತ್ತ ಮಲಗಿದರು.

ಅಷ್ಟರಲ್ಲಿ ಯಾರೋ ಗಾಡಿಯನ್ನು ಅಡ್ಡಗಟ್ಟಿದರು. ಟೀಚರಮ್ಮನ ಸುದ್ದಿ ಊರು ಸುತ್ತಿಬಂದಿತ್ತು. ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಸಲೂನಿನವನು ಬೈಕಿನಲ್ಲಿ ಬಂದಿದ್ದ. ಹಿಂದೆ ಕೈಗವಸು ಕೂಡ ಬಿಚ್ಚದ ಹಲ್ಲಿನ ಡಾಕ್ಟರು.

"ಲಕ್ವ ಅಲ್ಲ, ಏನೂ ಅಲ್ಲ. ನನ್ನ ಇಂಜೆಕ್ಷನ್ನು," ಎಂದು ಅವಳು ಏದುಸಿರು ಬಿಟ್ಟಳು.

ನಾಲ್ವರೂ ಮಾಮನ ಮುಖ ನೋಡಿದರು. ಮೊದಲು ನರ್ಸ್ ನಕ್ಕಳು, ಆಮೇಲೆ ಉಳಿದವರು. ಮಾಮನೂ ನಕ್ಕರು, ಅರ್ಧ ಮುಖದಲ್ಲಿ. ಜೇಬಿನಿಂದ ಪೆನ್ನು ತೆಗೆದು ನರ್ಸಿನ ಚೀಟಿಯ ಮೇಲೆ ಬರೆದರು: "ನಿನ್ನ ಹೆಸರೇನಮ್ಮ?" ಅದರ ಕೆಳಗೆ: "ನೀವೆಲ್ಲ ಚರ್ಚಿಗೆ ಬನ್ನಿ. ನಾನು ಮಾತಾಡಲ್ಲ."

"ಮಾತಾಡಲ್ಲ ಅನ್ನೋದಾದರೆ ಬರಬಹುದು," ಎಂದ ಸಲೂನಿನವನು. ಡ್ರೈವರ್ ಆಫೀಸಿಗೆ ಫೋನು ಮಾಡಿ, ಡ್ಯೂಟಿ ಮುಗಿಸಲು ಒಪ್ಪಿಗೆ ಪಡೆದು ಗಾಡಿ ತಿರುಗಿಸಿದ.

ಚರ್ಚಿನಲ್ಲಿ ಆಗಲೇ ಸಭೆ ಸೇರಿತ್ತು. ಹಿರಿಯರೆಲ್ಲ ತಲೆ ತಗ್ಗಿಸಿ, ಸಾಮಾನ್ಯವಾಗಿ ಮಣ್ಣಿನ ದಿನ ಹಾಡುವ ಕೀರ್ತನೆಯ ಮೂರನೇ ಚರಣದಲ್ಲಿದ್ದರು. ಆರ್ಗನ್ ಟೀಚರಮ್ಮನದೇ. ಆಂಬುಲೆನ್ಸಿನ ಬಾಗಿಲು ತೆರೆದು ಮಾಮ ತಮ್ಮ ಕಾಲ ಮೇಲೆ ತಾವೇ ಇಳಿದು ಒಳಗೆ ಬಂದಾಗ ನಾಲ್ಕನೇ ಚರಣ ಯಾರ ಬಾಯಿಂದಲೂ ಹೊರಡಲಿಲ್ಲ.

ಹಲ್ಲಿನ ಡಾಕ್ಟರು ವಿಷಯ ತಿಳಿಸಿದಳು. ಬಿಷಪ್ಪರು ಮೀಸೆಯ ಮರೆಯಲ್ಲಿ ನಕ್ಕು, "ಒಳ್ಳೇದಾಯ್ತು. ಆದರೆ ಐದು ಜನ ಅಂದಿದ್ದೆ. ನಾಲ್ವರಿದ್ದಾರೆ," ಎಂದರು.

"ಐದನೆಯವಳು ನಾನು."

ಬಾಗಿಲಲ್ಲಿ ಮಾಮನ ಮಗಳು ನಿಂತಿದ್ದಳು. ಮುದ್ರಣಾಲಯದ ಕೆಲಸದಿಂದ ಓಡಿ ಬಂದವಳ ಬೆರಳುಗಳಲ್ಲಿ ಇನ್ನೂ ಶಾಯಿಯಿತ್ತು, ಅತ್ತು ಮುಖವೆಲ್ಲ ಊದಿತ್ತು.

"ಅಪ್ಪ, ನೀವು ಬೈದರೂ ಸರಿ, ಹೇಳಿಬಿಡ್ತೀನಿ. ನೀವು ಮೊದಲನೇ ಸಾಲಲ್ಲಿ ಕೂರ್ತೀರಿ, ಹಿಂದೆ ತಿರುಗಿ ನೋಡಲ್ಲ. ಎಂಟು ತಿಂಗಳಿಂದ ಎರಡನೇ ಕೀರ್ತನೆಗೇ ನಾನು ಎದ್ದು ಹೋಗ್ತೀನಿ. ಹಿಂದಿನ ಬೀದಿಯ ವೃದ್ಧಾಶ್ರಮದಲ್ಲಿ ಅಜ್ಜಅಜ್ಜಿಯರಿಗೆ ಪೇಪರ್ ಓದಿ ಹೇಳ್ತೀನಿ. ಅಮ್ಮನಿಗೆ ಗೊತ್ತು."

ಮಗಳ ಹಿಂದೆಯೇ ಓಡಿ ಬಂದು ನಿಂತಿದ್ದ ಹೆಂಡತಿಯ ಕಡೆ ಮಾಮ ನೋಡಿದರು. ಹೆಂಡತಿ ಛಾವಣಿಯ ಕಡೆ ನೋಡಿದರು.

ಆ ಗಳಿಗೆಗೆ ಸರಿಯಾಗಿ ಟೀಚರಮ್ಮ ಮುಂದೆ ಬಂದರು. ಅವರ ಕೈಯಲ್ಲಿ ಹನ್ನೊಂದು ಪುಟವಿತ್ತು. ಬೇಕರಿಯ ಮೆಟ್ಟಿಲ ಮೇಲೆ ಬಿದ್ದದ್ದನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರು. "ಕಾರ್ಯದರ್ಶಿಗಳಿಗೆ ಬಾಯಿ ಬರ್ತಿಲ್ಲವಲ್ಲ, ಅವರ ಭಾಷಣ ನಾನು ಓದ್ತೀನಿ," ಎಂದು ಕನ್ನಡಕ ಏರಿಸಿದರು. "ಒಂದನೇ ಕಾರಣ. ಈಗಿನ ಹುಡುಗರು ಹೇಗಿದ್ದಾರೆಂದರೆ..."

ಮಾಮ ಹಾರಿದ ರಭಸಕ್ಕೆ ಎರಡು ಕುರ್ಚಿ ಉರುಳಿದವು. ಕಾಗದಗಳನ್ನು ಕಿತ್ತುಕೊಂಡು, ಬೆಂಚಿನ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟರು. ಆ ಬೆಂಚು ಕೊನೆಯ ಸಾಲಿನದು. ಮಗಳಿಗೆ ಪಕ್ಕದಲ್ಲಿ ಜಾಗ ತೋರಿಸಿದರು. ಮುಂದೆ ಹೋಗಿ ಮಾತಾಡಿ ಎಂದು ಉಳಿದ ನಾಲ್ವರಿಗೆ ಕೈಸನ್ನೆ ಮಾಡಿದರು.

ಒಂದೂಕಾಲು ಗಂಟೆ ಅವರು ಮಾತಾಡಿದರು. ಹಿರಿಯರಲ್ಲಿ ಇಬ್ಬರು ಎದ್ದು ಹೋದರು, ಉಳಿದವರು ಕೂತರು. ಡ್ರೈವರನ್ನು ಬಾಗಿಲಲ್ಲಿ ತಡೆದಿದ್ದ ಮುದುಕ ಎದ್ದು ಬಂದು ಅವನ ಅಂಗಿಯ ಕಾಲರು ಸರಿಮಾಡಿ ಹೋಗಿ ಕೂತ. ಸಲೂನಿನವನು ಭಾನುವಾರ ಗಿಟಾರ್ ತರುತ್ತೇನೆಂದ. ಟೀಚರಮ್ಮ, "ಶ್ರುತಿ ಸರಿಯಾಗಿರಲಿ," ಎಂದಷ್ಟೇ ಅಂದರು, ಅದೂ ಮೆಲ್ಲಗೆ.

ಕೊನೆಗೆ ಬಿಷಪ್ಪರು ಎದ್ದರು. "ನಲವತ್ತು ಊರು ಸುತ್ತಿದೀನಿ. ಎಲ್ಲ ಕಾರ್ಯದರ್ಶಿಗಳೂ ನನಗೆ ಭಾಷಣ ಕೇಳಿಸಿದರು. ತಾವು ಬಾಯಿ ಮುಚ್ಚಿ ಮಕ್ಕಳ ಮಾತು ಕೇಳಿಸಿದವರು ಇವರೊಬ್ಬರೇ." ಚಪ್ಪಾಳೆ ಬಿತ್ತು. ಮಗಳು ತಂದೆಯ ಕೈ ಹಿಡಿದುಕೊಂಡಳು.

ಆ ಚಪ್ಪಾಳೆಗೇ ಮಾಮನ ನಾಲಿಗೆಗೆ ಜೀವ ಬಂದಿತ್ತು. ಮನಸ್ಸಾಕ್ಷಿಗೂ ಬಂತು. ಬಿಷಪ್ಪರು ಕಾರು ಹತ್ತುವ ಮುನ್ನ ಓಡಿ ಹೋಗಿ, "ಅಯ್ಯನವರೇ, ನಿಜ ಹೇಳಿಬಿಡ್ತೀನಿ. ನಾನಾಗಿ ಸುಮ್ಮನಿದ್ದವನಲ್ಲ. ಬೆಳಿಗ್ಗೆ ಗಂಟಲ ಮೇಲೆ ಕತ್ತಿ ಇತ್ತು, ಮಧ್ಯಾಹ್ನ ಬಾಯಲ್ಲಿ ಇಕ್ಕಳ ಇತ್ತು, ಆಮೇಲೆ ಬೆಲ್ಟು. ಇಲ್ಲದಿದ್ದರೆ ನಾನು ಅವರಿಗೆ ಬಾಯಿ ತೆರೆಯೋಕೇ ಬಿಡ್ತಿರಲಿಲ್ಲ," ಎಂದರು.

ಬಿಷಪ್ಪರು ಕಾರಿನೊಳಗೆ ಕೂತು ಕಿಟಕಿ ಇಳಿಸಿದರು. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು.

"ಹಾಗಾದರೆ ನನಗೆ ಬೇಕಾದವರು ನೀವೇ. ನನ್ನ ಮಗ ಆರು ವರ್ಷದಿಂದ ಚರ್ಚಿನ ಹೊಸ್ತಿಲು ತುಳಿದಿಲ್ಲ. ನಾನು ಹೋದರೆ ಎರಡನೇ ಮಾತಿಗೇ ಉಪದೇಶ ಶುರು ಮಾಡ್ತೀನಿ, ಅವನು ಎದ್ದು ಹೋಗ್ತಾನೆ. ಸೋಮವಾರ ನೀವೊಂದು ಸಲ ಹೋಗಿ ಅವನ ಮಾತು ಕೇಳಿ ಬನ್ನಿ. ಕೆಲಸ ಮಾಡ್ತಾ ಇದ್ದರೆ ಮಾತ್ರ ಅವನು ಮನಸ್ಸು ಬಿಚ್ಚೋದು."

ಬಿಷಪ್ಪರ ಮನೆಯ ವಿಶ್ವಾಸ ತಮಗೆ ಸಿಕ್ಕಿತೆಂದು ಮಾಮ ಉಬ್ಬಿ ಹೋದರು. "ಖಂಡಿತ ಹೋಗ್ತೀನಿ. ಕೈಮುಗಿದು ಕೂತು ಕೇಳ್ತೀನಿ."

"ಕೂರೋಕಾಗಲ್ಲ, ನಿಂತೇ ಕೇಳಬೇಕು."

"ಏನು ಕೆಲಸ ಅವರದು?"

ಕಾರು ಹೊರಟಿತ್ತು. ಬಿಷಪ್ಪರು ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು:

"ಬಾಕ್ಸಿಂಗ್ ಕಲಿಸ್ತಾನೆ. ಎದುರಿಗೆ ಗ್ಲೌಸ್ ಹಾಕಿಕೊಂಡು ನಿಂತವರ ಹತ್ತಿರ ಮಾತ್ರ ಮಾತಾಡ್ತಾನೆ."

ಮಗಳು ಬಂದು, "ನಾನೂ ಜತೆಗೆ ಬರ್ತೀನಿ ಅಪ್ಪ," ಎಂದಳು. ಎಂಟು ತಿಂಗಳ ಮೇಲೆ ಅವಳು ಅವರ ಜತೆಗೆ ಎಲ್ಲಿಗಾದರೂ ಬರುತ್ತೇನೆಂದದ್ದು ಅದೇ ಮೊದಲು. ಮಾಮ ಹೂಂ ಎಂದರು. ಮಗಳ ಹೆಗಲ ಮೇಲೆ ಕೈಹಾಕಿ ನಡೆಯುತ್ತ, ಉಳಿದಿರುವ ಹಲ್ಲುಗಳನ್ನು ನಾಲಿಗೆಯ ತುದಿಯಿಂದ ಒಂದೊಂದಾಗಿ ಎಣಿಸತೊಡಗಿದರು.