ಅಮ್ಮಾವ್ರ ಇಂಗ್ಲಿಷು, ನನ್ನ ಕನ್ನಡ

ಮನುಷ್ಯನಾಗಿ ಹುಟ್ಟಿದ ಮೇಲೆ ಏನಾದರೊಂದು ಭಯ ಇದ್ದೇ ಇರುತ್ತದೆ. ನನ್ನ ಹೆಂಡತಿ ಸರೋಜಾಳಿಗೆ ಜಿರಲೆ ಕಂಡರೆ ಆಗುವುದಿಲ್ಲ. ನಮ್ಮ ಎಸ್ಟೇಟಿನ ಮೇಸ್ತ್ರಿ ತಿಮ್ಮಪ್ಪ ಒಂಟಿ ಸಲಗದ ಎದುರಿಗೆ ಸಿಕ್ಕಿ ಬದುಕಿ ಬಂದವನು, ಆದರೆ ಇಂಜೆಕ್ಷನ್ ಅಂದರೆ ಅವನ ಕೈಕಾಲು ನಡುಗುತ್ತವೆ. ನನಗೆ ಇಂಗ್ಲಿಷ್ ನುಡಿಗಟ್ಟಿನ ಭಯ. ನಗಬೇಡಿ. ಬರೀ ಇಂಗ್ಲಿಷಾದರೆ ನಾನೂ ಹೇಗೋ ನಿಭಾಯಿಸುತ್ತೇನೆ. ಗೊಬ್ಬರದ ಚೀಲದ ಮೇಲಿರುವುದನ್ನೂ ಔಷಧಿ ಡಬ್ಬದ ಮೇಲಿರುವುದನ್ನೂ ತಡವರಿಸದೆ ಓದಬಲ್ಲೆ. ನುಡಿಗಟ್ಟಿನ ಸಮಾಚಾರವೇ ಬೇರೆ. ಅದರಲ್ಲಿರುವ ಒಂದೊಂದು ಪದವೂ ಗುರುತಿನದೇ. ಪೀಸ್ ಗೊತ್ತು, ಕೇಕ್ ಗೊತ್ತು. ಎರಡೂ ಸೇರಿದ ಕೂಡಲೇ ಗುರುತಿನವರೇ ವೇಷ ಹಾಕಿಕೊಂಡು ಬಂದು ‘ನಾನ್ಯಾರು ಹೇಳು’ ಎಂದು ಎದೆಯ ಮೇಲೆ ಕೂತಂತಾಗುತ್ತದೆ. ನಮ್ಮ ಕಡೆ ಆನೆ ಬಂದರೆ ಮೊಬೈಲಿಗೆ ಮೊದಲೇ ಮೆಸೇಜು ಬರುತ್ತದೆ. ನುಡಿಗಟ್ಟಿಗೆ ಅಂಥ ಏರ್ಪಾಡನ್ನು ಇನ್ನೂ ಯಾರೂ ಮಾಡಿಲ್ಲ.

ನಾನು ಮಾರನಹಳ್ಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಅಂದರೆ ಆಳುಗಳ ಹಾಜರಿ ಹಿಡಿಯುವವನು, ಕೆಲಸ ಹಂಚುವವನು. ಸೇರುವಾಗ ಸಾಹುಕಾರರು ಇಂಗ್ಲಿಷ್ ಬರುತ್ತದೇನಯ್ಯಾ ಎಂದು ಕೇಳಿದ್ದರು. ಬರುತ್ತದೆ ಎಂದಿದ್ದೆ. ಬರುವುದಿಲ್ಲ ಎಂದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕ್ವಾರ್ಟರ್ಸ್ ಇಲ್ಲ. ಸಾಹುಕಾರರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಆ ವಿಷಯ ಅಲ್ಲಿಗೇ ನಿಂತಿತ್ತು. ಅವರ ಮಗ ಎಸ್ಟೇಟನ್ನು ನೋಡಿಕೊಳ್ಳಲು ಶುರು ಮಾಡಿದ ಮೇಲೆ, ದೂರದ ಉತ್ತರದ ಕಡೆಯಿಂದ ಒಬ್ಬರು ಮೇಡಂ ಅನ್ನು ಮ್ಯಾನೇಜರಾಗಿ ಕರೆತಂದ. ಒಳ್ಳೆಯ ಹೆಂಗಸು, ಸಿಟ್ಟಿಲ್ಲ ಸೆಡವಿಲ್ಲ. ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಸ್ಟೋರಿನ ಮುಂದೆ ಆಳುಗಳೆಲ್ಲ ನಿಂತ ಮೇಲೆ ಅವರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುವುದು, ಆಮೇಲೆ ಆಳುಗಳ ಮನೆಸಾಲಿನ, ಅಂದರೆ ಲೈನಿನ, ಹಿರಿಯಳು ಗಿರಿಜಮ್ಮ ಎಲ್ಲರ ಪರವಾಗಿ ‘ಅಮ್ಮಾವ್ರು ಏನಂದ್ರು ರೈಟ್ರೇ?’ ಎನ್ನುವುದು, ನಾನು ಕನ್ನಡದಲ್ಲಿ ಹೇಳುವುದು, ಹೀಗೆ ಪದ್ಧತಿಯಾಯಿತು.

ಮೊದಮೊದಲು ನಿಯತ್ತಿನಿಂದ ಪದಕ್ಕೆ ಪದ ಹೇಳಲು ನೋಡಿದೆ. ಒಂದು ದಿನ ಮೇಡಂ ‘ಲೋ ಹ್ಯಾಂಗಿಂಗ್ ಫ್ರೂಟ್’ ಮೊದಲು ಎಂದರು. ಪದಗಳು ಕೆಳಗೆ ತೂಗುವ ಹಣ್ಣು ಎಂದರೂ, ಸುಲಭದ ಕೆಲಸ ಮೊದಲು ಮುಗಿಸಿ ಎಂದು ಅದರ ಅರ್ಥವಂತೆ. ಅದು ನನಗೇನು ಗೊತ್ತು? ಕಾಫಿ ತೋಟದಲ್ಲಿ ನಿಂತು ಹಣ್ಣು ಅಂದರೆ ಕಾಫಿ ಹಣ್ಣೇ ಎಂದುಕೊಂಡು ಕೆಳಗಿನ ರೆಕ್ಕೆಯ, ಅಂದರೆ ಕೆಳಗಿನ ಕೊಂಬೆಗಳ, ಹಣ್ಣನ್ನು ಮಾತ್ರ ಬಿಡಿಸಿ ಎಂದುಬಿಟ್ಟೆ. ಸಂಜೆ ನೋಡಿದರೆ ಇಡೀ ಬ್ಲಾಕಿನ ಗಿಡಗಳು ಸೊಂಟದವರೆಗೆ ಬೋಳು, ಮೇಲೆಲ್ಲ ಕೆಂಪು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮೇಡಂ ಇದು ನಮ್ಮ ಸೀಮೆಯ ಕೊಯ್ಲಿನ ಕ್ರಮವಿರಬೇಕು ಎಂದು ಫೋಟೋ ತೆಗೆದುಕೊಂಡರು. ಅವತ್ತೇ ತೀರ್ಮಾನ ಮಾಡಿದೆ. ಇನ್ನು ಮೇಲೆ ಅವರು ಏನಾದರೂ ಹೇಳಿಕೊಳ್ಳಲಿ, ನಾನು ಆ ದಿನ ಆಗಬೇಕಾದ ಕೆಲಸವನ್ನಷ್ಟೇ ಹೇಳುವುದು. ಆನೆ ಮೇಲಿನ ಬ್ಲಾಕಿನಲ್ಲಿದ್ದರೆ ಕೆಳಗೆ ಹೋಗಿ, ಕೆಳಗಿದ್ದರೆ ಮೇಲೆ ಹೋಗಿ. ಇಷ್ಟಕ್ಕೆ ಯಾವ ನುಡಿಗಟ್ಟೂ ಬೇಕಾಗುವುದಿಲ್ಲ.

ಹಾಗೇ ನಡೆದುಕೊಂಡು ಹೋಗುತ್ತಿತ್ತು. ಕೊಯ್ಲು ಜೋರಾಗಿದ್ದ ಒಂದು ಬೆಳಿಗ್ಗೆ ಮೇಡಂ ಎಂದಿಗಿಂತ ದೀರ್ಘವಾಗಿ ಮಾತಾಡಿದರು. ಮುಖ ಗಂಭೀರವಾಗಿತ್ತು. ಮಧ್ಯೆ ‘ಟೈಟನ್ ಅವರ್ ಬೆಲ್ಟ್ಸ್’ ಎಂದೇನೋ ಹೇಳುತ್ತ ಎರಡೂ ಕೈಯಲ್ಲಿ ತಮ್ಮ ಹೊಟ್ಟೆಯನ್ನು ಮುಟ್ಟಿ ತೋರಿಸಿದರು. ಆಳುಗಳೆಲ್ಲ ಚಳಿಯಲ್ಲಿ ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು. ಗಿರಿಜಮ್ಮ ಕೇಳಿಯೇಬಿಟ್ಟಳು. ಹೊಟ್ಟೆ ಮುಟ್ಟಿಕೊಂಡ ಮೇಲೆ ಊಟದ ವಿಷಯವೇ ಇರಬೇಕಲ್ಲವೇ? ಕೊಯ್ಲು ಮುಗಿದ ಮೇಲೆ ಅಮ್ಮಾವ್ರು ಎಲ್ಲರಿಗೂ ಕಡುಬು, ಕೋಳಿ ಸಾರಿನ ಊಟ ಹಾಕಿಸುತ್ತಾರೆ ಎಂದು ಹೇಳಿದೆ. ಸ್ಟೋರಿನ ತಗಡು ಅದುರುವಂತೆ ಚಪ್ಪಾಳೆ ಬಿತ್ತು. ಮೇಡಂ ಕಣ್ಣು ಅಗಲಿಸಿ ನೋಡಿದರು, ಆಮೇಲೆ ಎಲ್ಲರಿಗೂ ಕೈಮುಗಿದರು.

ಸಂಜೆ ಮನೆಗೆ ಬಂದವನು ಸುಮ್ಮನಿರದೆ, ಕಾಲೇಜಿಗೆ ಹೋಗುವ ಮಗಳನ್ನು ಆ ಬೆಲ್ಟಿನ ವಿಷಯ ಕೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತದೆ, ಅದು ಖರ್ಚು ಕಡಿಮೆ ಮಾಡಿ ಅಂತ ಅಪ್ಪಾ ಎಂದಳು. ನಾನು ಕಾಫಿ ಲೋಟವನ್ನು ಕೆಳಗಿಟ್ಟೆ. ಖರ್ಚು ಕಡಿಮೆ ಮಾಡಿ ಎಂದು ಅವರು ಕೇಳಿಕೊಂಡಿದ್ದರು; ನಾನು ಊರಿಗೆಲ್ಲ ಕೋಳಿ ಕೊಯ್ಯಿಸಿದ್ದೆ. ‘ಹೋಗಿ ಇದ್ದಿದ್ದು ಇದ್ದಂಗೆ ಹೇಳ್ಬುಡಿ ಅತ್ಲಾಗೆ,’ ಎಂದಳು ಸರೋಜಾ. ‘ತಲೆ ಏನ್ ತೆಗಿಯಕ್ಕಿಲ್ಲ ಅವ್ರು.’ ಹೇಳುವುದು ಸುಲಭ. ತಲೆ ತೆಗೆಯದಿದ್ದರೂ ಕ್ವಾರ್ಟರ್ಸಿನ ಬೀಗದ ಕೈ ತೆಗೆದುಕೊಳ್ಳಬಹುದಲ್ಲ?

ಭಯ ಬಂದ ಮೇಲೆ ವಿದ್ಯೆ ತಾನಾಗಿ ಹತ್ತುತ್ತದೆ. ಮಗಳ ಪುಸ್ತಕ ಹಿಡಿದು ನುಡಿಗಟ್ಟುಗಳನ್ನು ಬಾಯಿಪಾಠ ಮಾಡತೊಡಗಿದೆ. ಒಂದೊಂದರ ಅರ್ಥ ತಿಳಿದ ಹಾಗೆಲ್ಲ ಮೇಡಂ ಯಾವತ್ತು ಏನಂದಿದ್ದರು, ನಾನು ಏನು ಹೇಳಿದ್ದೆ ಎಂಬುದು ನೆನಪಾಗಿ ಬೆವರು ಕಿತ್ತುಕೊಂಡು ಬರುತ್ತಿತ್ತು. ‘ಅಂಡರ್ ದ ವೆದರ್’ ಅಂದರೆ ಮೈ ಹುಷಾರಿಲ್ಲವಂತೆ! ಅವತ್ತು ಆ ತಾಯಿ ಜ್ವರದಲ್ಲಿ ನಿಂತಿದ್ದರು. ನಾನು ಇವತ್ತು ಹವಾ ಚೆನ್ನಾಗಿದೆ, ಬೇಗ ಬೇಗ ಕೊಯ್ಯಿರಿ ಎಂದಿದ್ದೆ. ತಿಳಿಯದಿದ್ದಾಗ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಇದರ ಮೇಲೆ ಗಾಯಕ್ಕೆ ಉಪ್ಪು ಸವರಿದಂತೆ ಇನ್ನೊಂದಾಯಿತು. ಕಾಫಿ ಒಣಗಿಸುವ ಕಣದ ಪಕ್ಕ ನಿಂತಿದ್ದೆ. ಹಿಂದಿನಿಂದ ಯಾರೋ ‘ರೈಟ್ರೇ, ಮಳೆ ಬರೋ ಹಂಗೈತೆ ಕಣ್ರೀ,’ ಎಂದರು. ಲೈನಿನ ಹೆಂಗಸರು ಯಾರೋ ಇರಬೇಕೆಂದು ತಿರುಗಿದರೆ ಮೇಡಂ. ದಿನಾ ಸಂಜೆ ಗಿರಿಜಮ್ಮನ ಜೊತೆ ಕೂತು ಕನ್ನಡ ಕಲಿಯುತ್ತಿದ್ದರಂತೆ. ಎಷ್ಟು ದಿನದಿಂದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಎಲ್ಲಿಯವರೆಗೆ ಕಲಿತಿದ್ದಾರೆ, ಕೋಳಿಯವರೆಗೆ ಬಂದಿದ್ದಾರೆಯೇ ಎಂಬುದೊಂದೇ ಚಿಂತೆ. ಅತ್ತ ಕೊಯ್ಲು ಮುಗಿಯುತ್ತ ಬಂದಿತ್ತು. ಆಳುಗಳು ಕಂಡಲ್ಲೆಲ್ಲ ನಾಟಿ ಕೋಳಿಯೋ ಫಾರಂ ಕೋಳಿಯೋ ಎಂದು ನನ್ನನ್ನು ವಿಚಾರಿಸುತ್ತಿದ್ದರು. ತಿಮ್ಮಪ್ಪ ಕಡುಬಿಗೆ ಯಾರ ಮನೆಯ ಪಾತ್ರೆ ತರುವುದೆಂದು ಆಗಲೇ ಗೊತ್ತುಮಾಡಿದ್ದ. ನಾನು ಊಟ ಬಿಟ್ಟೆ. ಆನೆ ಬಂದು ಒಂದು ವಾರ ಎಸ್ಟೇಟಿನಲ್ಲೇ ಠಿಕಾಣಿ ಹೂಡಲಿ, ಯಾರೂ ಮನೆಯಿಂದ ಹೊರಗೆ ಬರದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಆನೆಗಳು ಆಲೂರಿನ ಕಡೆ ಹೋದವು ಎಂದು ಮೆಸೇಜು ಬಂತು.

ಕೊನೆಯ ಕೊಯ್ಲಿನ ದಿನ ಎಲ್ಲರೂ ಸ್ಟೋರಿನ ಮುಂದೆ ಸೇರಿದರು. ಮೇಡಂ ಗಂಟಲು ಸರಿಮಾಡಿಕೊಂಡು ನನ್ನ ಕಡೆ ಒಮ್ಮೆ ನೋಡಿದರು. ನಾನು ಕಣ್ಣು ಮುಚ್ಚಿದೆ. ಅವರು ಅಚ್ಚ ಕನ್ನಡದಲ್ಲಿ, ಗಿರಿಜಮ್ಮನದೇ ಕನ್ನಡದಲ್ಲಿ ಶುರುಮಾಡಿದರು.

‘ಖರ್ಚು ಕಮ್ಮಿ ಮಾಡಿ ಅಂದ್ರೆ ಯಾವೂರಲ್ಲೂ ಚಪ್ಪಾಳೆ ಹೊಡಿಯಾಕಿಲ್ಲ. ಅವತ್ತೇ ನಂಗೆ ಅನುಮಾನ ಬಂತು. ಊಟದ ಮಾತು ನಂದಲ್ಲ, ರೈಟ್ರುದು. ನಾನ್ ಅಂದಿದ್ದು ಒಂದು, ಅವ್ರು ಹೇಳಿದ್ದು ಒಂದು. ಆದ್ರೂ ನೀವು ಕೈ ತಟ್ಟಿದ್ರಿ, ನಾನು ಕೈ ಮುಗಿದೆ. ಅದ್ಕೇ ಭಾನುವಾರ ಊಟ ಐತೆ.’

ಇಷ್ಟು ಸ್ಪಷ್ಟವಾಗಿ ಆ ಅಂಗಳದಲ್ಲಿ ಯಾರೂ ಕನ್ನಡ ಮಾತಾಡಿರಲಿಲ್ಲ. ನಾನು ಕಣ್ಣು ಬಿಟ್ಟೆ. ಬಯ್ಯುತ್ತಾರೆ, ನಗುತ್ತಾರೆ, ಏನಾದರೂ ಒಂದು ಆಗಿ ಮುಗಿಯಲಿ ಎಂದು ಕಾದೆ. ಯಾರೂ ಮಿಸುಕಲಿಲ್ಲ. ಅಮ್ಮಾವ್ರು ಬಾಯಿ ತೆರೆದರೆ ಕಿವಿಗೆ ಹಾಕಿಕೊಳ್ಳದೆ ಸುಮ್ಮನೆ ನಿಂತಿರುವುದು ಅವರಿಗೆ ಅಷ್ಟು ರೂಢಿಯಾಗಿತ್ತು. ಅಷ್ಟೂ ಜನ ಒಟ್ಟಿಗೆ ನನ್ನ ಕಡೆ ತಿರುಗಿದರು. ಕನ್ನಡ ಕಲಿಸಿದ ಗಿರಿಜಮ್ಮನೇ ಸೆರಗು ಸರಿಮಾಡಿಕೊಂಡು ಕೇಳಿದಳು.

‘ಅಮ್ಮಾವ್ರು ಏನಂದ್ರು ರೈಟ್ರೇ?’

ಮೇಡಂ ಕೂಡ ಕೈಕಟ್ಟಿಕೊಂಡು, ತಾವು ಏನಂದೆವೆಂದು ತಿಳಿಯುವ ಕುತೂಹಲದಿಂದ ನನ್ನ ಮುಖವನ್ನೇ ನೋಡುತ್ತ ನಿಂತರು.

‘ಭಾನುವಾರ ಊಟ ಐತಂತೆ,’ ಎಂದೆ. ಮೊದಲ ಭಾಗವನ್ನು ಬಿಟ್ಟೆ. ಚಪ್ಪಾಳೆ ಬಿತ್ತು.

ಕೆಲಸ ಉಳಿಯಿತು, ಕ್ವಾರ್ಟರ್ಸೂ ಉಳಿಯಿತು. ಮೇಡಂ ಈಗ ದಿನಾ ಕನ್ನಡದಲ್ಲೇ ಮಾತಾಡುತ್ತಾರೆ, ಜನ ದಿನಾ ನನ್ನ ಕಡೆ ತಿರುಗುತ್ತಾರೆ, ನಾನು ಅವರೆದುರಿಗೇ ಅವರ ಕನ್ನಡವನ್ನು ಕನ್ನಡಕ್ಕೆ ಹೇಳುತ್ತೇನೆ. ಭಯ ಮೊದಲಿನಷ್ಟೇ ಇದೆ. ಈ ಭಯಕ್ಕೆ ಮಗಳ ಪುಸ್ತಕದಲ್ಲಿ ಅರ್ಥ ಕೊಟ್ಟಿಲ್ಲ.